ಪೈಪ್ ಕಂಬದೊಳಗಿನ ಟೊಳ್ಳು ಥರ್ಮಲ್ ಕ್ಯಾಮೆರಾಗೆ ಸಿಗುತ್ತಾ?

ಸರ್, ಶೆಡ್ಡಿನ ಅಟ್ಟ ಹೊತ್ತಿರುವ ಎಂಎಸ್ (ಸಾದಾ ಉಕ್ಕಿನ) ಪೈಪ್ ಕಂಬಗಳಿಗೆ ಮೇಲಿಂದ ಕಾಂಕ್ರೀಟ್ ತುಂಬಿಸಿದ್ದೀರಿ, ಕೆಲವು ಕಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ, ಬಾಡಿಗೆ ಥರ್ಮಲ್ ಕ್ಯಾಮೆರಾ ತಂದರೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಪೈಪಿನ ಗೋಡೆಗೆ ತಾಗಿಕೊಂಡ ಟೊಳ್ಳಾದರೆ ಗೊತ್ತಾಗುತ್ತದೆ. ಕಂಬದ ನಡುಮಧ್ಯದ ಹನಿಕೋಂಬ್, ಅಂದರೆ ಜಲ್ಲಿಯ ಸಂದಿಗಳಲ್ಲಿ ಉಳಿದ ಟೊಳ್ಳು, ಸಿಗುವುದಿಲ್ಲ.

ಕ್ಯಾಮೆರಾ ನೋಡುವುದು ಹೊರಮೈಯ ಬಿಸಿಯನ್ನಷ್ಟೇ. ಬಿಸಿಲು ಬಿದ್ದಾಗ ಹಿಂದೆ ಕಾಂಕ್ರೀಟ್ ಇದ್ದರೆ ಅದು ಪೈಪಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಿಂದೆ ಟೊಳ್ಳಿದ್ದು ಬರೀ ಗಾಳಿ ಇದ್ದರೆ ಎಳೆಯುವವರಿಲ್ಲ, ಆ ಜಾಗ ಬೇಗ ಕಾಯುತ್ತದೆ. ಸಂಜೆ ಮೇಲೆ ಉಲ್ಟಾ, ಟೊಳ್ಳೇ ಮೊದಲು ತಣ್ಣಗಾಗುತ್ತದೆ. ನಡುವೆ ಎರಡೂ ಸಮ ಆಗುವ ಹೊತ್ತಿನಲ್ಲಿ ಏನೂ ಕಾಣದು. ಅದಕ್ಕೇ ಬೆಳಗಿನ ಬಿಸಿಲು ಕಂಬಕ್ಕೆ ತಾಗಲು ಶುರುವಾದಾಗಲೇ ನೋಡಿ. ನೆರಳಲ್ಲಿರುವ ಕಂಬಕ್ಕೆ ಹ್ಯಾಲೋಜನ್ ಲೈಟ್ ಹಿಡಿದು ಒಂದೆರಡು ನಿಮಿಷ ಸಮನಾಗಿ ಕಾಯಿಸಿ, ಆರಿಸಿದ ತಕ್ಷಣ ವಿಡಿಯೊ ಮಾಡಿ. ತಡ ಮಾಡಿದರೆ ಉಕ್ಕು ಬಿಸಿಯನ್ನು ಪಕ್ಕಕ್ಕೆ ಹರಡಿ ಗುರುತೆಲ್ಲ ಕಲಸಿಹೋಗುತ್ತದೆ.

ರೆಡ್ ಆಕ್ಸೈಡ್ ಬಳಿದ ಪೈಪಾದರೆ ತೊಂದರೆ ಇಲ್ಲ. ಸಿಲ್ವರ್ ಪೇಂಟ್ ಅಥವಾ ಹೊಳೆಯುವ ಜಿಐ (ಸತು ಲೇಪಿಸಿದ ಪೈಪ್) ಆದರೆ ಕನ್ನಡಿ ನೋಡಿದ ಹಾಗೆ. ಕ್ಯಾಮೆರಾ ಹಿಡಿದು ಪಕ್ಕಕ್ಕೆ ಒಂದು ಹೆಜ್ಜೆ ಇಡಿ. ಬಿಸಿ ಮಚ್ಚೆಯೂ ನಿಮ್ಮ ಜೊತೆಗೇ ಸರಿದರೆ ಅದು ನಿಮ್ಮದೇ ಪ್ರತಿಬಿಂಬ. ಅಂಥ ಕಡೆ ಸೀಮೆಸುಣ್ಣದ ಪುಡಿ ಕಲಸಿ ತೆಳ್ಳಗೆ ಬಳಿದು, ಒಣಗಿದ ಮೇಲೆ ನೋಡಿ. ಇನ್ನೊಂದು, ಕ್ಯಾಮೆರಾ ತಾನೇ ಬಣ್ಣದ ಅಳತೆ ಬದಲಿಸುವ ಆಟೋ ಸ್ಕೇಲನ್ನು ಲಾಕ್ ಮಾಡಿಕೊಳ್ಳಿ. ಇಲ್ಲದಿದ್ದರೆ ಅರ್ಧ ಡಿಗ್ರಿ ವ್ಯತ್ಯಾಸಕ್ಕೂ ಕಂಬಕ್ಕೆ ಬೆಂಕಿ ಬಿದ್ದ ಹಾಗೆ ಬಣ್ಣ ತೋರಿಸಿ ಸುಮ್ನೆ ಹೆದರಿಸುತ್ತದೆ.

ಮೊದಲು ಟಾಪ್ ಪ್ಲೇಟಿನ, ಅಂದರೆ ಕಂಬದ ತುದಿ ಮುಚ್ಚಿದ ತಗಡಿನ, ಕೆಳಗೆ ನೋಡಿ. ಹಸಿ ಕಾಂಕ್ರೀಟ್ ಕೆಳಗೆ ಕುಸಿದು ಕೂತಾಗ ಖಾಲಿ ಉಳಿಯುವುದು ಅಲ್ಲೇ ಜಾಸ್ತಿ. ಪೈಪಿನ ಉದ್ದಕ್ಕೂ ತೆಳು ಗುರುತು ಬಂದರೆ ಅದು ಕಾಂಕ್ರೀಟ್ ಒಣಗಿ ಕುಗ್ಗಿದಾಗ ಬಿಟ್ಟ ಕೂದಲೆಳೆ ಸಂದು ಇರಬಹುದು. ಚೀನಾದ ಪಿಂಗ್‌ನಾನ್ ಮೂರನೇ ಸೇತುವೆ ಗೊತ್ತಲ್ವಾ, 2020ರದ್ದು, 575 ಮೀಟರ್ ಕಮಾನು? ಅದೂ ಕಾಂಕ್ರೀಟ್ ತುಂಬಿದ ಪೈಪೇ. ಆ ಬಗೆಯ ಸೇತುವೆಗಳಲ್ಲೂ ಈ ಸಂದು ಹುಡುಕುವುದೇ ದೊಡ್ಡ ತಲೆನೋವು.

ಮಚ್ಚೆ ಕಂಡಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸುತ್ತಿಗೆಯಿಂದ ತಟ್ಟಿ. ಸದ್ದೂ ಚಿತ್ರವೂ ಹೊಂದಿದರೆ ಮಾತ್ರ ಮುಂದಿನ ಮಾತು. ತೂತು ಕೊರೆದು ತಂತಿ ಹಾಕಿ ಆಳ ಅಳೆಯಬಹುದು, ಕೆಳಗಿನ ತೂತಿನಿಂದ ಗ್ರೌಟ್ (ತೆಳು ಸಿಮೆಂಟ್ ಕಲಕ) ಒತ್ತಿ ಮೇಲಿನದರಿಂದ ಹೊರಬರುವವರೆಗೂ ತುಂಬಬಹುದು. ಆದರೆ ಭಾರ ಹೊತ್ತ ಕಂಬ ಅದು, ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳದೆ ಡ್ರಿಲ್ ಮುಟ್ಟಬೇಡಿ. ಅಲ್ಲಿಯವರೆಗೂ ಅಟ್ಟದ ಮೇಲೆ ಮೂಟೆ ಪೇರಿಸಬೇಡಿ.

ಇನ್ನೂ ತುಂಬದ ಕಂಬಗಳಿದ್ದರೆ ಕೆಲಸ ಸುಲಭ. ಸಿಮೆಂಟ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಲೈಟೂ ಬೇಡ ಬಿಸಿಲೂ ಬೇಡ. ತುಂಬಿದ ಮಾರನೇ ದಿನ ಸೂರ್ಯ ಹುಟ್ಟುವ ಮೊದಲೇ ಕ್ಯಾಮೆರಾ ಹಿಡಿಯಿರಿ, ತಣ್ಣಗೆ ಕಾಣುವ ಜಾಗದ ಮೇಲೆ ಅನುಮಾನ ಇಟ್ಟುಕೊಳ್ಳಿ.