ಮಳೆ ಮೂರು ತಿಂಗಳು, ಉಳಿದ ಒಂಬತ್ತು ತಿಂಗಳು?

ಪ್ರಶ್ನೆ: ನನಗೆ 58 ವರ್ಷ. ಹೊಸನಗರ ತಾಲ್ಲೂಕು, ಮಾಸ್ತಿಕಟ್ಟೆ ಕಡೆ ಅಡಿಕೆ ತೋಟದ ಮನೆ. ಪಕ್ಕದ ಮನೆ ಅಂದರೆ ಅರ್ಧ ಮೈಲಿ, ನಡುವೆ ಒಂದು ಹಳ್ಳ. ಯಜಮಾನರು ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು. ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ತೋಟದ ಲೆಕ್ಕ ಮೈದುನ ನೋಡಿಕೊಳ್ಳುತ್ತಾರೆ. ಕಳೆದ ಮಳೆಗಾಲ ಒಬ್ಬಳೇ ಇದ್ದೆ. ಕರೆಂಟ್ ಹೋದರೆ ನಾಲ್ಕೈದು ದಿನ ಬರುವುದಿಲ್ಲ, ಫೋನೂ ಇಲ್ಲ. ಬೆಳಿಗ್ಗೆ ಕಾಯಿಸಿದ ಗಂಜಿಯೇ ರಾತ್ರಿಗೂ. ಹಗಲೆಲ್ಲ ಮಲಗುತ್ತಿದ್ದೆ, ರಾತ್ರಿ ನಿದ್ದೆ ಇಲ್ಲ. ಭಜನೆ ಮಾಡು, ಹೊಲಿಗೆ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಮಗ ಬಂದುಬಿಡು ಅನ್ನುತ್ತಾನೆ. ಮನೆ ಬಿಡಲು ಮನಸ್ಸಿಲ್ಲ. ಮೊದಲು ಊರಿನ ಯಾವ ಮದುವೆಗಾದರೂ ಹಾಡು ಹೇಳಲು ನನ್ನನ್ನೇ ಕರೆಯುತ್ತಿದ್ದರು. ಈಗ ಅದೂ ಇಲ್ಲ. ಮತ್ತೆ ಜೂನ್ ಬರುತ್ತಿದೆ. ಹೊತ್ತು ಹೇಗೆ ಕಳೆಯಲಿ?

ಉತ್ತರ:

ಅಕ್ಕಾ, ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಹಾಡಿನ ವಿಷಯ. ಅದನ್ನು ನೀವು ಕೊನೆಯಲ್ಲಿ ಸುಮ್ನೆ ಒಂದು ಮಾತು ಅನ್ನುವ ಹಾಗೆ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಳೆ.

ನಿಮ್ಮ ಕಡೆಯ ಮಳೆ ಏನು ಅಂತ ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದು ಹೆಚ್ಚುಕಡಿಮೆ 1000 ಮಿಲಿಮೀಟರ್. ಹುಲಿಕಲ್ಲು, ಮಾಸ್ತಿಕಟ್ಟೆ ಸುತ್ತ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಅಂಥ ಮಳೆಯಲ್ಲಿ, ಹಳ್ಳದಾಚೆಯ ಮನೆಯಲ್ಲಿ ಒಬ್ಬರೇ ಕೂತು ಮಂಕಾದರೆ ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ನಾಲ್ಕು ಜನ ತುಂಬಿದ ಮನೆಯಲ್ಲೇ ಆಷಾಢ ಸಾಕುಸಾಕಾಗುತ್ತದೆ.

ಭಜನೆ, ಹೊಲಿಗೆ ಅಂತ ಸಲಹೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಯಾಕೆ ನಿಮಗೆ ಹತ್ತಲಿಲ್ಲ ಅಂತ ಗೊತ್ತಾಗುತ್ತದೆ. ಹೊಲಿದದ್ದು ಯಾರಿಗೂ ಬೇಕಿರಲಿಲ್ಲ. ಇವತ್ತು ಹೊಲಿಯದಿದ್ದರೂ ಕೇಳುವವರಿಲ್ಲ, ನಾಳೆ ಹೊಲಿಯದಿದ್ದರೂ ಕೇಳುವವರಿಲ್ಲ. ಮೂವತ್ತೈದು ವರ್ಷ ಹಾಲು ಕರೆದು, ಆಳುಗಳಿಗೆ ಕುಡಿಯಲು ಆಸರಿಗೆ ಕೊಟ್ಟು, ಊಟಕ್ಕೆ ಹೊತ್ತಾಯಿತು ಅಂತ ಓಡಾಡಿದ ಜೀವಕ್ಕೆ ಈ ತರಹದ ಕೆಲಸ ಸಪ್ಪೆ ಅನ್ನಿಸಲೇಬೇಕು. ನಿಮಗೆ ಬೇಕಾದದ್ದು, ಆಚೆ ಕಡೆ ಒಬ್ಬರು ಕಾಯುತ್ತಿರುವಂಥ ಕೆಲಸ. ಮಳೆ ಹಿಡಿಯುವ ಮುಂಚೆಯೇ, ಈ ಹದಿನೈದು ದಿನದಲ್ಲಿ, ಅಂಥ ಎರಡು ಮೂರು ಕೆಲಸ ಒಪ್ಪಿಕೊಂಡುಬಿಡಿ.

ಮೊದಲನೆಯದು ತೋಟದ ಲೆಕ್ಕ. ಮೈದುನ ನೋಡಿಕೊಳ್ಳುತ್ತಾರೆ ಅಂದಿರಿ. ಒಳ್ಳೆಯದೇ, ಅವರನ್ನು ಅನುಮಾನಿಸಿ ಅಂತ ಹೇಳುತ್ತಿಲ್ಲ. ಆದರೆ ಪಹಣಿ ಇನ್ನೂ ಯಜಮಾನರ ಹೆಸರಿನಲ್ಲೇ ಇದೆಯಾ? ಹಾಗಿದ್ದರೆ ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ ಹುಡುಕಿಡಿ, ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಇದನ್ನು ರಸ್ತೆ ಚೆನ್ನಾಗಿರುವಾಗಲೇ ಮಾಡಿ. ಮಳೆ ಶುರುವಾದ ಮೇಲೆ ಯಜಮಾನರ ಹಳೆಯ ಲೆಕ್ಕದ ಪುಸ್ತಕಗಳನ್ನು ಕೆಳಗಿಳಿಸಿ. ಒಂದೊಂದು ವರ್ಷದ್ದಾಗಿ ಓದಿ: ಎಷ್ಟು ಅಡಿಕೆ ಕೊನೆ (ಗೊನೆ) ಇಳಿಯಿತು, ಮಂಡಿಗೆ ಎಷ್ಟು ಹೋಯಿತು, ಯಾವ ದರಕ್ಕೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಕೊಟ್ಟದ್ದೆಷ್ಟು. ಅವರ ಕೈಬರಹ ನೋಡಿದರೆ ಮೊದಲ ದಿನ ಅಳು ಬರಬಹುದು. ಅತ್ತುಬಿಡಿ. ಎರಡು ವರ್ಷದಿಂದ ತಡೆದಿಟ್ಟದ್ದು ಇರಬಹುದು.

ಹಾಗೇ ಈ ಸಲ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ದಿನ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದು ನಿಮಗೂ ಗೊತ್ತಿರುತ್ತದೆ. ಬೆರೆಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಕೊನೆ ಸುಡುತ್ತದೆ. ಕತ್ತಿ ಅದ್ದುವ ಕೆಲಸ ನಿಮ್ಮದೇ ಆಗಲಿ. ತಾರೀಕು ಬರೆದಿಟ್ಟುಕೊಳ್ಳಿ. ಎರಡನೇ ಸಲ ಹೊಡೆಯುವುದು ನಲವತ್ತು, ನಲವತ್ತೈದು ದಿನಕ್ಕೆ. ಅಷ್ಟರಲ್ಲಿ ಮಳೆ ಒಂದು ಚೂರು ಬಿಟ್ಟು ಹೊಳವಾದಾಗ ಕೊನೆಗೌಡನಿಗೆ ಹೇಳಿ ಕಳಿಸುವವರು ನೀವೇ ಆಗಿ. ತೋಟ ನಿಮ್ಮದು ಅಂತ ತೋಟಕ್ಕೂ ಗೊತ್ತಾಗಲಿ, ಮೈದುನನಿಗೂ.

ಎರಡನೆಯದು ಡೇರೆ ಹೂವು, ಪೇಟೆಯವರು ಡೇಲಿಯಾ ಅನ್ನುತ್ತಾರಲ್ಲ, ಅದು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮಲೆನಾಡಿನ ಹೆಂಗಸರು ಮಳೆಗಾಲವನ್ನು ದಾಟಿದ್ದೇ ಡೇರೆ ಹೂವು ನೋಡಿಕೊಂಡು. ನಿಮ್ಮ ಗೆಡ್ಡೆಗಳು ಯಾವ ಬುಟ್ಟಿಯಲ್ಲಿವೆಯೋ ತೆಗೆಯಿರಿ. ಮೊಳಕೆ ಬಂದದ್ದನ್ನು ನೆಟ್ಟು, ಮಿಕ್ಕಿದ್ದನ್ನು ಹಳ್ಳದಾಚೆಯ ಮನೆಗೆ ಕೊಟ್ಟು ಬನ್ನಿ. ನಿಮ್ಮಲ್ಲಿ ಇಲ್ಲದ ಬಣ್ಣ ಒಂದನ್ನು ಕೇಳಿಯೂ ಬನ್ನಿ. ಕೊಡುವುದಕ್ಕಿಂತ ಕೇಳುವುದು ಮುಖ್ಯ. ಕೇಳಿದರೆ ಅವರು ಒಂದು ದಿನ ಕೊಡಲು ಬರುತ್ತಾರೆ. ಮೊಗೆಕಾಯಿ, ಹೀರೆ, ಬೆಂಡೆ ಬೀಜದ್ದೂ ಅಷ್ಟೇ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಇದೇ ಕೈತೋಟದ ಬೀಜ ಕೂಡಿಟ್ಟು, ಹಂಚಿಕೊಂಡು ದೊಡ್ಡ ಕೆಲಸ ಮಾಡಿದ್ದಾರೆ. ನೀವು ಅಷ್ಟೆಲ್ಲ ಮಾಡಬೇಕಾಗಿಲ್ಲ. ಎರಡು ಮನೆ ಸಾಕು.

ಈಗ ಹಾಡು.

ಅಕ್ಕಾ, ನಿಮ್ಮನ್ನು ಮನೆಯೊಳಗೆ ಕೂರಿಸಿದ್ದು ಮಳೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಮಳೆ ಸೆಪ್ಟೆಂಬರ್‌ಗೆ ಕಡಿಮೆಯಾಗುತ್ತದೆ, ಹಳ್ಳ ಇಳಿಯುತ್ತದೆ. ಮದುವೆ ಶುರುವಾಗುವುದು ಅದಾದ ಮೇಲೆ. ಆಗಲೂ ನೀವು ಮನೆಯಲ್ಲೇ ಇದ್ದಿರಿ ಅಲ್ವಾ? ಯಾಕೆ ಕರೆಯಲಿಲ್ಲ ಅಂತ ನೀವು ಬರೆದಿಲ್ಲ, ನಾನು ಊಹಿಸಿದ್ದೇನೆ. ಗಂಡ ಹೋದವಳು ಶೋಭಾನೆ ಹಾಡಬಾರದು ಅನ್ನುವ ಮಾತು. ಯಾರೂ ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. ಕರೆಯುವುದನ್ನು ನಿಲ್ಲಿಸಿದ್ದಾರೆ, ಅಷ್ಟೇ. ನೀವೂ ಹಿಂದೆ ಸರಿದಿದ್ದೀರಿ. ಇದು ತಪ್ಪು, ಕ್ರೂರ. ಹಳೇ ಪದ್ಧತಿ ಅಂತ ಸಮಾಧಾನ ಮಾಡಿಕೊಳ್ಳುವ ವಿಷಯ ಅಲ್ಲ. ನಿಮ್ಮ ಗಂಟಲು ಯಜಮಾನರ ಜೊತೆ ಹೋಗಲಿಲ್ಲ.

ಊರನ್ನು ಒಂದೇ ಸಲ ತಿದ್ದಲು ಆಗುವುದಿಲ್ಲ, ನೀವು ಜಗಳಕ್ಕೆ ನಿಲ್ಲುವವರೂ ಅಲ್ಲ ಅನ್ನಿಸುತ್ತದೆ. ಹಾಗಾಗಿ ಬೇರೆ ಬಾಗಿಲಿನಿಂದ ಹೋಗಿ. 200 ಪುಟದ ಒಂದು ನೋಟ್ ಪುಸ್ತಕ ತರಿಸಿ. ನಿಮಗೆ ಬರುವ ಹಾಡೆಲ್ಲ ಬರೆಯಿರಿ: ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವಾಗಿನದು, ಹೆಣ್ಣು ಒಪ್ಪಿಸುವಾಗಿನದು, ಬೀಗರನ್ನು ಆಡಿಕೊಳ್ಳುವ ತಮಾಷೆಯವೂ. ಬರೆದದ್ದನ್ನು ಗಟ್ಟಿಯಾಗಿ ಹಾಡಿ. ಒಬ್ಬರೇ ಇರುವವರಿಗೆ ದಿನಗಟ್ಟಲೆ ತಮ್ಮ ದನಿಯೇ ಕಿವಿಗೆ ಬಿದ್ದಿರುವುದಿಲ್ಲ. ಅದು ಬಹಳ ಕೆಟ್ಟದ್ದು. ನೆಂಟರಲ್ಲಿ, ಊರಲ್ಲಿ, ಮುಂದಿನ ಮಾರ್ಗಶಿರದೊಳಗೆ ಮದುವೆ ಇರುವ ಹುಡುಗಿ ಯಾರು ಅಂತ ಯೋಚಿಸಿ. ಅವಳಿಗೇ ನೇರವಾಗಿ ಹೇಳಿ, ‘ನಿನ್ನ ಮದುವೆಗೆ ಹಾಡಿನ ಪುಸ್ತಕ ಬರೆದು ಕೊಡುತ್ತೇನೆ, ಬಂದು ಧಾಟಿ ಕಲಿತುಕೋ.’ ಅವಳ ಅಮ್ಮನಿಗಿಂತ ಅವಳಿಗೆ ಈ ಕಟ್ಟುಪಾಡು ಕಡಿಮೆ ಇರುತ್ತದೆ. ಮದುವೆಮನೆಗೆ ಅವಳೇ ಕರೆದರೆ, ದಯವಿಟ್ಟು, ಹಿಂದಿನ ಸಾಲಿನಲ್ಲಿ ಕೂರಬೇಡಿ.

ಇನ್ನು ದಿನದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಮಧ್ಯಾಹ್ನ ಒಂದು ಹೊತ್ತಾದರೂ ಸರಿಯಾದ ಅಡುಗೆ ಆಗಲೇಬೇಕು. ಕೆಸು ಬಂದಾಗ ಪತ್ರೊಡೆ ಮಾಡಿ, ಒಬ್ಬರಿಗೆ ಜಾಸ್ತಿಯಾಗುವಷ್ಟೇ ಮಾಡಿ, ಮಿಕ್ಕದ್ದು ಕೆಲಸಕ್ಕೆ ಬಂದವರಿಗೆ ಕೊಡಿ. ಹಗಲು ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ಬೆಳಕು ಇರುವಷ್ಟು ಹೊತ್ತು ಒಳಗಿನ ಕೋಣೆಗಿಂತ ಜಗಲಿ ಮೇಲು. ಸೆಲ್ಲು ಹಾಕುವ ರೇಡಿಯೊ ಇಟ್ಟುಕೊಳ್ಳಿ. ಭದ್ರಾವತಿ ಆಕಾಶವಾಣಿಗೆ ನಿಮ್ಮ ಮನೆಯ ಕರೆಂಟ್ ಬೇಕಿಲ್ಲ. ಬಿಪಿ, ಶುಗರ್ ಮಾತ್ರೆ ಏನಾದರೂ ಇದ್ದರೆ ಎರಡು ತಿಂಗಳಿಗಾಗುವಷ್ಟು ಈಗಲೇ ತರಿಸಿ. ಫೋನ್ ಸತ್ತಾಗ ಏನು ಮಾಡುವುದು ಅಂತ ಹಳ್ಳದಾಚೆಯವರ ಜೊತೆ ಮಾತಾಡಿಕೊಳ್ಳಿ. ಎರಡು ದಿನ ನಿಮ್ಮ ಸುದ್ದಿ ಇಲ್ಲದಿದ್ದರೆ ಒಬ್ಬರು ಬಂದು ನೋಡಬೇಕು. ಇದನ್ನು ಕೇಳಲು ಸಂಕೋಚ ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಸಿವಿಲ್ಲ, ನಿದ್ದೆಯಿಲ್ಲ, ಯಾಕೆ ಬದುಕಿರಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಅದಕ್ಕೆ ಡೇರೆ ಹೂವು, ಹಾಡು ಸಾಲುವುದಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಿಗ್ನಲ್ ಇರುವಾಗಲೇ, ಮಳೆಗೆ ಮುಂಚೆಯೇ ಒಂದು ಸಲ ಮಾತಾಡಿಟ್ಟುಕೊಂಡರೂ ಒಳ್ಳೆಯದು.

ಮಗನ ವಿಷಯ. ಅವನು ಕರೆಯುವುದು ಪ್ರೀತಿಯಿಂದ, ಹೆದರಿಕೆಯಿಂದಲೂ. ಪೂರ್ತಿ ಹೋಗುವುದು, ಪೂರ್ತಿ ಉಳಿಯುವುದು ಎರಡೇ ದಾರಿ ಅಂತ ಯಾರು ಹೇಳಿದರು? ಆರಿದ್ರೆ, ಪುನರ್ವಸು ಮನೆಯಲ್ಲಿರಿ, ಔಷಧಿ, ನಾಟಿ ಎಲ್ಲ ಆಗಲಿ. ಪುಷ್ಯ ಮಳೆಯ ಹದಿನಾಲ್ಕು ದಿನ, ಅಂದರೆ ಜುಲೈ ಕೊನೆಗೆ, ಬೆಂಗಳೂರಿಗೆ ಹೋಗಿ ಬನ್ನಿ. ಆಶ್ಲೇಷಕ್ಕೆ ವಾಪಸ್, ಡೇರೆ ಬಿಡುವ ಹೊತ್ತಿಗೆ. ಬಸ್ಸಿನ ಟಿಕೆಟ್ ಎರಡೂ ಕಡೆಯದು ಈಗಲೇ ಮಾಡಿಸಲು ಮಗನಿಗೆ ಹೇಳಿ. ವಾಪಸ್ ಬರುವ ಟಿಕೆಟ್ ಕೈಯಲ್ಲಿದ್ದರೆ ಅವನ ಮನೆಯಲ್ಲಿ ನೀವೂ ಆರಾಮವಾಗಿರುತ್ತೀರಿ. ಲೆಕ್ಕದ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಿ, ಅವನೂ ಒಂದಿಷ್ಟು ಕಲಿಯಲಿ.