ಮಗುವಿನ ಉಸಿರಿನ ಸದ್ದು ಉಬ್ಬಸವೋ, ಬರೀ ಮೂಗು ಕಟ್ಟಿದ್ದೋ?

ನೆಗಡಿಯಾದ ಮಗು ಮಲಗಿದಾಗ ಎದೆಯಿಂದ ಸದ್ದು ಬರುತ್ತದೆ, ಇದು ಉಬ್ಬಸವೇ ಎಂದು ಕೇಳಿದ್ದೀರಿ. ಆ ಸದ್ದು ಎಂಥದ್ದೆಂದು ಮೊದಲು ಗಮನಿಸಿ. ಗೊರಗೊರ ಎನ್ನುವ ಒದ್ದೆ ಸದ್ದು ಹೆಚ್ಚಾಗಿ ಮೂಗು, ಗಂಟಲಿನ ಸಿಂಬಳದ್ದು. ಅದರ ಕಂಪನ ಎದೆಯ ಮೇಲಿಟ್ಟ ಕೈಗೂ ತಾಕುತ್ತದೆ. ಹೆತ್ತವರು ಮೋಸಹೋಗುವುದು ಇಲ್ಲಿಯೇ. ಉಬ್ಬಸದ ಸದ್ದು ಸಣ್ಣನೆಯ ಸಿಳ್ಳೆಯಂತಿದ್ದು, ಮುಖ್ಯವಾಗಿ ಉಸಿರು ಹೊರಬಿಡುವಾಗ ಕೇಳಿಸುತ್ತದೆ. ಶ್ವಾಸಕೋಶದ ಸಣ್ಣ ಕೊಳವೆಗಳು ಇಕ್ಕಟ್ಟಾಗಿ, ಗಾಳಿ ನುಸುಳಿಕೊಂಡು ಬರುವ ಸದ್ದು ಅದು.

ಮೂಗಿಗೆ ಸಲೈನ್ ಹನಿ ಹಾಕಿ, ಸಿಂಬಳ ತೆಗೆದು, ಮತ್ತೆ ಕಿವಿಗೊಡಿ. ಸದ್ದು ಅಡಗಿದರೆ ಮೂಗೇ ಕಾರಣವಿರಬೇಕು. ಸಿಳ್ಳೆ ಹಾಗೆಯೇ ಉಳಿದರೆ ಅಂದೇ ವೈದ್ಯರಿಗೆ ತೋರಿಸಿ. ಖಚಿತಪಡಿಸಲು ಸ್ಟೆತಸ್ಕೋಪ್ ಬೇಕು.

ಆದರೆ ನನ್ನ ಮಟ್ಟಿಗೆ ಸದ್ದಿಗಿಂತ ಕಣ್ಣಿಗೆ ಕಾಣುವುದೇ ಮುಖ್ಯ. ಅಂಗಿ ಬಿಚ್ಚಿ, ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ, ತಡಮಾಡದೆ ತೋರಿಸಬೇಕು. ಪಕ್ಕೆಗಳ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ, ಹಾಲು ಕುಡಿಯಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ, ನಡುರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಹೊರಡಿ. ಒದ್ದಾಡುತ್ತಿದ್ದ ಮಗುವಿನ ಸಿಳ್ಳೆ ತಾನಾಗಿ ನಿಂತು ಮಗು ಸುಸ್ತಾಗಿ ಕಂಡರೆ ಗುಣವಾಯಿತೆಂದು ತಿಳಿಯಬೇಡಿ, ಗಾಳಿಯೇ ಸರಿಯಾಗಿ ಆಡದಿರಬಹುದು. ಆಡುತ್ತಿದ್ದ ಮಗು ಏನನ್ನೋ ಬಾಯಿಗೆ ಹಾಕಿಕೊಂಡು ಕೆಮ್ಮಿದ ಮೇಲೆ ಸಿಳ್ಳೆ ಶುರುವಾದರೂ ಅಷ್ಟೇ ತುರ್ತು.