ಎಲ್ಲಕ್ಕಿಂತ ವಿಷಕಾರಿ ಹಾವಿನಿಂದಲೇ ಒಳ್ಳೆಯ ಔಷಧಿ ಸಿಗುತ್ತದೆಯೇ?

ಸಂಶೋಧನೆಗೆ ಅತಿ ವಿಷಕಾರಿ ಹಾವನ್ನೇ ಆರಿಸಿಕೊಳ್ಳಲಾ ಎಂದು ಕೇಳಿದ್ದೀರಿ. ನಾನೂ ಹಾಗೇ ಲೆಕ್ಕ ಹಾಕಿ ಕೊಳಕುಮಂಡಲಕ್ಕೆ ಕೈ ಹಾಕಿದ್ದೆ. ಹಾವಿಗಲ್ಲ, ಒಣಗಿಸಿದ ಅದರ ವಿಷಕ್ಕೆ.

ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೆಪ್ಟೈಡ್, ಅಂದರೆ ಪ್ರೋಟೀನಿನಂಥದ್ದೇ ಪುಟ್ಟ ತುಣುಕು, ಹುಡುಕುತ್ತಿದ್ದೆ. ಐದು ತಿಂಗಳಿಗೆ ಅಂಥದ್ದೊಂದು ಕಂಡಿತು. ಅಷ್ಟರಲ್ಲಿ ಸೀಸೆಯ ತಳವೂ ಕಂಡಿತು. ಫ್ರೀಜರ್‌ನಲ್ಲಿ ಇನ್ನೊಂದು ಸೀಸೆಯಿತ್ತು, ಲೇಬಲ್ ಮೇಲೆ ಅದೇ ಹೆಸರು. ನನ್ನದರಲ್ಲಿ ಹಳದಿ ಚೂರುಗಳು, ಇದರಲ್ಲಿ ಹೆಚ್ಚುಕಮ್ಮಿ ಬಿಳಿ. ಹಳೆಯದಿರಬೇಕು ಅಂದುಕೊಂಡು ಎರಡನ್ನೂ ಒಟ್ಟಿಗೆ ಸುರಿದು ಕರಗಿಸಿಬಿಟ್ಟೆ.

ಆ ಹಳದಿ ಬಣ್ಣ ಬರುವುದು ಎಲ್-ಅಮೈನೋ ಆಸಿಡ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ಬಿಳಿ ವಿಷದಲ್ಲಿ ಅದು ಇಲ್ಲ, ಇದ್ದರೂ ತೀರಾ ಕಡಿಮೆ. ಅಂದರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತಿತ್ತು. ಜಾತಿ ಒಂದೇ ಆದರೂ ಪ್ರದೇಶ, ವಯಸ್ಸು, ತಿನ್ನುವ ಬೇಟೆ ಬದಲಾದಂತೆ ವಿಷವೂ ಬದಲಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ ಕೂಡ! ವಿಷದ ಅಂಶಗಳನ್ನು ಬೇರ್ಪಡಿಸುವ ಯಂತ್ರದಲ್ಲಿ ಮುಂದಿನ ಸಲ ಓಡಿಸಿದಾಗ ನನ್ನ ಪೆಪ್ಟೈಡ್ ಇದ್ದ ಜಾಗದಲ್ಲಿ ಮೂರು ಪೀಕ್, ಅಂದರೆ ಗ್ರಾಫ್‌ನಲ್ಲಿ ಮೂರು ಏರುಗಳು. ಯಾವುದು ಯಾವ ಸೀಸೆಯದು? ಹೋಲಿಸಲು ಹಳದಿಯದು ಒಂದು ಚೂರೂ ಉಳಿಸಿರಲಿಲ್ಲ. ಸುಮ್ನೆ ಐದು ಮಿಲಿಗ್ರಾಂ ಎತ್ತಿಟ್ಟಿದ್ದರೆ ಸಾಕಿತ್ತು. ಮತ್ತೆ ತರಿಸೋಣವೆಂದರೆ ಎಲ್ಲಿಯ ಹಾವು ಅಂತ ಲೇಬಲ್‌ನಲ್ಲಿ ಇರಲಿಲ್ಲ, ನಾನೂ ಕೇಳಿರಲಿಲ್ಲ. ಒಂದೂವರೆ ವರ್ಷ ನೀರಿಗೆ ಹೋಯಿತು.

ನಿಮ್ಮ ಲೆಕ್ಕವೇ ತಪ್ಪು, ಬೇಜಾರಾಗಬೇಡಿ. ವಿಷ ಬೆಳೆದದ್ದು ನಮ್ಮನ್ನು ಕೊಲ್ಲಲು ಅಲ್ಲ. ದೇಹದ ಮಾಮೂಲಿ ಪ್ರೋಟೀನಿನ ಜೀನ್ ಎರಡಾಗುತ್ತದೆ. ಒಂದು ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಇನ್ನೊಂದು ಬೇಟೆಗೆ ತಕ್ಕಂತೆ ಮಾರ್ಪಡುತ್ತದೆ. ಮೀನಿನ ಮೊಟ್ಟೆ ತಿಂದೇ ಬದುಕುವ ಒಂದು ಕಡಲಹಾವಿನ ವಿಷ ಸೊರಗಿಯೇ ಹೋಗಿದೆ. ಮೊಟ್ಟೆಗೆ ವಿಷ ಯಾಕೆ ಬೇಕು, ಅಲ್ವಾ? ಔಷಧಿಗೆ ಬೇಕಿರುವುದು ಒಂದೇ ಕಡೆ ಸರಿಯಾಗಿ ನಾಟುವ ಗುಣ. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳ ಜಾಡು ಹಿಡಿದೇ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಮಾಡಿದರು. 2005ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧಿಯ ಮೂಲ ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ಜೊಲ್ಲು. ಅದು ಕಚ್ಚಿ ಜನ ಸಾಯುವುದು ತೀರಾ ಅಪರೂಪ.

ಔಷಧಿ ನಾಟಬೇಕಾದ್ದು ಯಾವ ರಿಸೆಪ್ಟರ್‌ಗೆ, ಅಂದರೆ ಜೀವಕೋಶದ ಯಾವ ಗ್ರಾಹಕಕ್ಕೆ, ಅಂತ ಮೊದಲು ತೀರ್ಮಾನಿಸಿ, ಪ್ರಾಣಿ ಆಮೇಲೆ. ಸೀಸೆ ಕೈಗೆ ಬಂದ ದಿನವೇ ಸ್ವಲ್ಪ ಎತ್ತಿಡಿ. ಎಲ್ಲಿಯ ಹಾವು, ಮರಿಯೋ ದೊಡ್ಡದೋ, ವಿಷ ಯಾವ ದಿನ ತೆಗೆದದ್ದು, ಎಲ್ಲ ಬರೆದು ಅಂಟಿಸಿ. ಬಣ್ಣವನ್ನೂ ಬರೆಯಿರಿ.